ನೂರು ಯೋಜನದ ಔಷಧ

ಜಯನಗರದ ಯಾವ ಉದ್ಯಾನಕ್ಕಾದರೂ ಸರಿ, ಬೆಳಗಿನ ಆರು ಗಂಟೆಗೆ ಹೋಗಿ ನಿಂತರೆ ಒಂದು ದೃಶ್ಯ ಕಾಣುತ್ತದೆ. ಮಂಕಿ ಟೋಪಿ ಹಾಕಿಕೊಂಡ ಹಿರಿಯರು, ಸೀರೆಯ ಮೇಲೆ ಸ್ವೆಟರ್ ತೊಟ್ಟು ಕಾಲಿಗೆ ಬೂಟು ಕಟ್ಟಿಕೊಂಡ ತಾಯಂದಿರು, ಒಂದೇ ದಾರಿಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿರುತ್ತಾರೆ. ಹಿಂದೆ ಇಬ್ಬರು ಹಿರಿಯರು ಸೇರಿದರೆ ಗೋತ್ರ, ನಕ್ಷತ್ರ ವಿಚಾರಿಸಿಕೊಳ್ಳುತ್ತಿದ್ದರು. ಈಗ ವಿಚಾರಿಸುವುದು ಬೇರೊಂದು ಅಂಕಿಯನ್ನು. “ಫಾಸ್ಟಿಂಗ್ ಎಷ್ಟು ಬಂತು ರಾಯರೇ?” “ನೂರ ನಲವತ್ತು. ನಿಮ್ಮದು?” ಹೀಗೆ ಕುಶಲಪ್ರಶ್ನೆ ಸಾಗುತ್ತದೆ.

ಈ ದೃಶ್ಯದಲ್ಲಿ ಮಕ್ಕಳಿಲ್ಲ. ಓಡಾಡಬೇಕಾದ ವಯಸ್ಸಿನವರು ಆ ಹೊತ್ತಿಗೆ ಶಾಲೆಯ ವಾಹನಕ್ಕೆ ಕಾಯುತ್ತಿರುತ್ತಾರೆ. ಸಂಜೆ ಅವರಿಗೆ ಪಾಠ, ರಾತ್ರಿ ಫೋನು. ವೈದ್ಯರ ಅಪ್ಪಣೆಯಾದ ಮೇಲೆ ಅಜ್ಜ ನಡೆಯುತ್ತಾನೆ. ಅಪ್ಪಣೆ ಇನ್ನೂ ಆಗಿಲ್ಲವೆಂದು ಮೊಮ್ಮಗ ಕುಳಿತಿದ್ದಾನೆ.

ನಮ್ಮ ಬೀದಿಯ ಒಂದು ಮನೆಯಲ್ಲಿ ಹನ್ನೆರಡು ವರ್ಷದ ಹುಡುಗನಿದ್ದಾನೆ. ದುಂಡನೆಯ ಮೈ, ನಗುಮುಖ. ಅವನ ಕತ್ತಿನ ಹಿಂಭಾಗದಲ್ಲಿ ಮಖಮಲ್ಲಿನಂತೆ ಕಪ್ಪನೆಯ ಪಟ್ಟಿಯೊಂದು ಮೂಡಿತು. ಸ್ನಾನ ಸರಿಯಾಗಿ ಮಾಡುವುದಿಲ್ಲವೆಂದು ಅವನಿಗೆ ಬೈಗುಳ. ಅಜ್ಜಿ ಕಡಲೆಹಿಟ್ಟು, ನಿಂಬೆಹಣ್ಣು ಹಿಡಿದು ಭಾನುವಾರ ಭಾನುವಾರ ಉಜ್ಜಿದರು. ಹುಡುಗ ಅತ್ತನೇ ಹೊರತು ಕಪ್ಪು ಹೋಗಲಿಲ್ಲ. ಕೊನೆಗೆ ವೈದ್ಯರ ಬಳಿಗೆ ಕರೆದುಕೊಂಡು ಹೋದರು.

“ಉಜ್ಜಬೇಡಿ ತಾಯಿ, ಇದು ಕೊಳೆಯಲ್ಲ” ಎಂದರು ಅವರು.

“ಮತ್ತೇನು ಡಾಕ್ಟ್ರೇ?”

“ಒಳಗೆ ಸಕ್ಕರೆಯ ಲೆಕ್ಕ ತಪ್ಪುತ್ತಾ ಇದೆ ಅಂತ ಚರ್ಮ ಹೇಳ್ತಾ ಇದೆ. ಇನ್ನೂ ಕಾಯಿಲೆ ಆಗಿಲ್ಲ. ಹೀಗೇ ಬಿಟ್ಟರೆ ಆಗುತ್ತೆ.”

“ನಮ್ಮ ಮನೇಲಿ ಇದು ಅರುವತ್ತು ದಾಟಿದವರಿಗೆ ಬರೋದಲ್ವೇ?” ಎಂದರು ಅಜ್ಜಿ.

ಆ ಅಜ್ಜಿಯ ಪ್ರಶ್ನೆ ವೈದ್ಯದ ಪ್ರಶ್ನೆ ಎಷ್ಟೋ ಅಷ್ಟೇ ಚರಿತ್ರೆಯ ಪ್ರಶ್ನೆಯೂ ಹೌದು. ಅಜ್ಜನ ಕಾಯಿಲೆ ಮೊಮ್ಮಗನ ಬಾಲ್ಯಕ್ಕೆ ಇಳಿದು ಬರಬೇಕಾದರೆ ನಡುವೆ ಏನೋ ನಡೆದಿರಬೇಕು. ಅದನ್ನು ಕೊಂಚ ಹಿಂದಿನಿಂದ ನೋಡೋಣ.

ಸಿಹಿಮೂತ್ರ ರೋಗ ನಮಗೆ ಹೊಸದಲ್ಲ. ಚರಕ, ಸುಶ್ರುತ ಸಂಹಿತೆಗಳು ಇದನ್ನು ಪ್ರಮೇಹದ ಇಪ್ಪತ್ತು ಬಗೆಗಳಲ್ಲಿ ಒಂದಾಗಿ, ಮಧುಮೇಹವೆಂಬ ಹೆಸರಿನಲ್ಲಿ ವರ್ಣಿಸಿವೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಕಂಡಿದ್ದರು. ಸುಶ್ರುತ ಸಂಹಿತೆಯು ಈ ರೋಗದಲ್ಲಿ ಎರಡು ಕವಲುಗಳನ್ನು ಗುರುತಿಸುತ್ತದೆ. ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಆಹಾರ ವಿಹಾರಗಳು ಕೆಟ್ಟು ಬಂದದ್ದು. ಇಂದಿನ ವೈದ್ಯವು ಮೊದಲನೆಯ ಬಗೆ, ಎರಡನೆಯ ಬಗೆ ಎಂದು ಮಾಡಿರುವ ವಿಭಾಗಕ್ಕೆ ಇದು ಸರಿಸಮವಲ್ಲವಾದರೂ ದೂರದ ನಂಟಿನದು. ಚರಕ ಸಂಹಿತೆಯೂ ಸ್ಥೂಲ ರೋಗಿಗೆ ಒಂದು ಚಿಕಿತ್ಸೆ, ಕೃಶ ರೋಗಿಗೆ ಬೇರೆ ಚಿಕಿತ್ಸೆ ಎಂದು ಬೇರ್ಪಡಿಸುತ್ತದೆ.

ಚಿಕಿತ್ಸೆಯ ಭಾಗ ಇನ್ನೂ ಸ್ವಾರಸ್ಯವಾಗಿದೆ. ಅನ್ನಕ್ಕೆ ಬದಲು ಜವೆಗೋಧಿ, ಸಾಮೆಯಂಥ ಧಾನ್ಯಗಳು, ಜೊತೆಗೆ ದೇಹಶ್ರಮ. ಹಣವಿಲ್ಲದ ರೋಗಿಗೆ ಸುಶ್ರುತ ಸಂಹಿತೆ ಕೊಡುವ ಔಷಧವೆಂದರೆ ಚಪ್ಪಲಿ ಕೊಡೆಗಳಿಲ್ಲದೆ, ಭಿಕ್ಷೆಯ ಅನ್ನ ತಿಂದು, ಮುನಿಯಂತೆ ನೂರು ಯೋಜನ ನಡೆಯುವುದು. ಇಲ್ಲವೇ ಬಾವಿ ತೋಡುವುದು. ಯೋಜನವನ್ನು ಎಷ್ಟು ಗಿಡ್ಡವಾಗಿ ಎಣಿಸಿದರೂ ನೂರು ಯೋಜನದಲ್ಲಿ ಬೆಂಗಳೂರಿನಿಂದ ಕಾಶಿಯ ದಾರಿಯಲ್ಲಿ ಬಹುದೂರ ಸಾಗಬಹುದು. ಕೇಳಿದವರಿಗೆ ನಗು ಬರಬಹುದು. ಆದರೆ ಈ ವಿಧಿಯ ಹಿಂದಿನ ವಿವೇಕವನ್ನು ಇಂದಿನ ಶರೀರಶಾಸ್ತ್ರ ಎತ್ತಿ ಹಿಡಿಯುತ್ತದೆ.

ನಾವು ತಿಂದ ಅನ್ನ, ಮುದ್ದೆ, ಚಪಾತಿಗಳೆಲ್ಲ ಕೊನೆಗೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಅದನ್ನು ದೇಹದ ಕಣಗಳೊಳಕ್ಕೆ ಬಿಟ್ಟುಕೊಳ್ಳುವ ಬಾಗಿಲು ತೆರೆಯುವುದು ಮೇದೋಜೀರಕ ಗ್ರಂಥಿಯಿಂದ ಒಸರುವ ಇನ್ಸುಲಿನ್. ಹೊಟ್ಟೆಯ ಸುತ್ತ, ಯಕೃತ್ತಿನ ಒಳಗೆ ಕೊಬ್ಬು ತುಂಬಿದಾಗ ಈ ಬಾಗಿಲು ಬಿಗಿಯಾಗುತ್ತದೆ. ಗ್ರಂಥಿಯು ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿದು ತಳ್ಳಿ ನೋಡುತ್ತದೆ. ಆ ಹುಡುಗನ ಕತ್ತಿನ ಕಪ್ಪು ಈ ಹೆಚ್ಚಾದ ಇನ್ಸುಲಿನ್ನಿನ ಗುರುತು. ಗ್ರಂಥಿ ದಣಿದು ಸೋತ ದಿನ ಕಾಯಿಲೆ ಹೊರಬೀಳುತ್ತದೆ. ಆದರೆ ದುಡಿಯುವ ಸ್ನಾಯುವಿಗೆ ಒಂದು ವಿಶೇಷ ಗುಣವುಂಟು. ನಡೆಯುವ ಕಾಲು ಇನ್ಸುಲಿನ್ನಿನ ಅಪ್ಪಣೆಗೆ ಅಷ್ಟಾಗಿ ಕಾಯದೆ ರಕ್ತದಿಂದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಬಾವಿ ತೋಡಿದವನಿಗೆ ಗುಣ ಕಂಡಿದ್ದರೆ ಅದರಲ್ಲಿ ಪವಾಡವೇನೂ ಇಲ್ಲ.

ಪಶ್ಚಿಮದವರು ಇದೇ ಸಿಹಿಯನ್ನು ಬೇರೆ ದಾರಿಯಿಂದ ಹುಡುಕಿ ಬಂದರು. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು ರೋಗಿಯ ಮೂತ್ರವನ್ನು ಇಂಗಿಸಿ, ಉಳಿದದ್ದು ಸಕ್ಕರೆಯೆಂದು ತೋರಿಸಿದನು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವಿಜ್ಞಾನಿಗಳು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದುದನ್ನು ಕಂಡರು. 1921ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗ. ಅಲ್ಲಿಯವರೆಗೆ ಅಂಥ ಮಕ್ಕಳಿಗೆ ಉಳಿವೇ ಇರಲಿಲ್ಲ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಆ ಹುಡುಗನಿಗಿದ್ದದ್ದು ಮೊದಲನೆಯ ಬಗೆಯ ಮಧುಮೇಹ. ಅದು ಸಿಹಿ ತಿಂದು ಬರುವುದಲ್ಲ, ಸೋಮಾರಿತನದಿಂದ ಬರುವುದಲ್ಲ. ಆ ಮಕ್ಕಳಿಗೆ ಇನ್ಸುಲಿನ್ನೇ ಪ್ರಾಣ. ಅದನ್ನು ಬಿಡಿಸಿ ಕಷಾಯ ಕುಡಿಸುವವರ ಮಾತನ್ನು ಕೇಳಬಾರದು. ಈ ಲೇಖನದ ಚಿಂತೆ ಎರಡನೆಯ ಬಗೆಯದು. ಹಿಂದೆ ಹಿರಿಯರದೆಂದು ಹೆಸರಾಗಿದ್ದು, ಈಗ ಮಕ್ಕಳ ಬಾಗಿಲಿಗೆ ಬಂದಿರುವುದು.

ಇನ್ಸುಲಿನ್ ಹುಟ್ಟಿದ ಅದೇ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿದ ಒಬ್ಬರು ನಮ್ಮ ಸಕ್ಕರೆಯ ಚರಿತ್ರೆಗೂ ಸೇರಿದ್ದಾರೆ. ಲೆಸ್ಲಿ ಕೋಲ್ಮನ್ ಎಂಬ ಆ ಕೆನಡಾ ದೇಶದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮುಂದೆ ವ್ಯವಸಾಯ ಇಲಾಖೆಯ ನಿರ್ದೇಶಕರಾದರು. 1920ರಲ್ಲಿ ಅವರು ಮೈಸೂರು ಸೀಮೆಯ ರಾಗಿ ಬೇಸಾಯದ ಮೇಲೆ ಒಂದು ಪುಸ್ತಿಕೆಯನ್ನೇ ಬರೆದರು. ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು ಮಂಡ್ಯದ ಹೊಲಗಳಿಗೆ ಬಂದಾಗ, ಅಲ್ಲಿ ಕಬ್ಬನ್ನೂ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯನ್ನೂ ನೆಲೆಗೊಳಿಸಿದವರಲ್ಲಿ ಅವರೂ ಪ್ರಮುಖರು. ರಾಗಿಯನ್ನು ಅರಿತ ಒಬ್ಬರ ಕೈಯೇ ಸಕ್ಕರೆಗೂ ಒದಗಿತೆಂಬುದು ಚರಿತ್ರೆಯ ಒಂದು ವಿನೋದ. ಇದರಲ್ಲಿ ದೋಷವೇನೂ ಇಲ್ಲ. ಸಕ್ಕರೆ ಕಾರ್ಖಾನೆಯು ಮಂಡ್ಯದ ರೈತನಿಗೆ ಬದುಕು ಕೊಟ್ಟಿತು. ಅಂದಿನ ಬೆಂಗಳೂರಿನ ಮನೆಗಳಲ್ಲಿ ಸಕ್ಕರೆಯೆಂಬುದು ಡಬ್ಬಿಯ ತಳದಲ್ಲಿ ಕಾಪಾಡಿಕೊಳ್ಳುವ ವಸ್ತುವಾಗಿತ್ತು. ಬಂದವರ ಕಾಫಿಗೆ, ಹಬ್ಬದ ಕೇಸರಿಬಾತಿಗೆ.

ಆ ಕಾಲಕ್ಕೆ ನಮ್ಮ ಬಡಾವಣೆಗಳು ಇನ್ನೂ ಊರುಗಳಾಗಿದ್ದವು. ಬೈರಸಂದ್ರ, ತಾವರೆಕೆರೆ, ಮಡಿವಾಳ, ಸಾರಕ್ಕಿ, ಮಾರೇನಹಳ್ಳಿ, ಯಡಿಯೂರು ಎಂಬ ಹೆಸರುಗಳು ಕೆರೆ ಹೊಲಗಳ ಹೆಸರುಗಳು. ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಮೊದಲ ಮೂರು ಹಳ್ಳಿಗಳು ಅಡಗಿ ಕುಳಿತಿವೆ. 1945ರಲ್ಲಿ ನಗರಾಭಿವೃದ್ಧಿ ಧರ್ಮದರ್ಶಿ ಮಂಡಲಿ ಸ್ಥಾಪನೆಯಾಯಿತು. 1948ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹಸ್ತದಿಂದ ಜಯನಗರಕ್ಕೆ ಅಸ್ತಿವಾರ ಬಿತ್ತು. ಆ ಬಡಾವಣೆಯ ನಕ್ಷೆಯನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ನಡೆಯುವ ಮನುಷ್ಯ. ಅಗಲವಾದ ಬೀದಿ, ಸಾಲುಮರ, ಬ್ಲಾಕಿಗೊಂದು ಉದ್ಯಾನ, ಆಟದ ಬಯಲು, ಕಾಲ್ನಡಿಗೆಗೆ ಎಟುಕುವ ಅಂಗಡಿ.

1960ರ ದಶಕದಲ್ಲಿ ಹುಡುಗರಾಗಿದ್ದ ನನ್ನಂಥವರಿಗೆ ಅದು ನೆನಪಿದೆ. ಮನೆಗಳ ನಡುವೆ ಖಾಲಿ ನಿವೇಶನಗಳು. ಅವೇ ನಮ್ಮ ಮೈದಾನ. ಶಾಲೆಗೆ ಬಸವನಗುಡಿಯವರೆಗೆ ನಡಿಗೆ, ಮಧ್ಯಾಹ್ನದ ಊಟಕ್ಕೆ ಕೆಲವರು ಮನೆಗೆ ಬಂದು ಹೋಗುವುದೂ ಉಂಟು. ಹಾಲಿಗೆ ಹೋಗು, ಹಿಟ್ಟಿನ ಗಿರಣಿಗೆ ಹೋಗು, ಅತ್ತೆಯ ಮನೆಗೆ ಹೋಗಿ ಬಾ ಎಂದು ದಿನಕ್ಕೆ ನಾಲ್ಕು ಸಲ ಓಡಿಸುತ್ತಿದ್ದರು. ಯಾವಾಗಲೋ ಒಮ್ಮೆ ಅಪ್ಪ ನಮ್ಮನ್ನು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹೋಗುವಾಗ ಮೂರು ಕಿಲೋಮೀಟರು, ಬರುವಾಗ ಮೂರು ಕಿಲೋಮೀಟರು. ನಡುವೆ ಒಂದೇ ಒಂದು ಮಸಾಲೆ ದೋಸೆ. ಗವಿಪುರದ ಮನೆಯಿಂದ ಬಸವನಗುಡಿ ಕ್ಲಬ್ಬಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ನಡೆದುಹೋಗುತ್ತಿದ್ದುದನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಅವರು ತೊಂಬತ್ತೈದು ವರ್ಷ ಬಾಳಿದರು. ದೀರ್ಘಾಯುಷ್ಯಕ್ಕೆ ನಡಿಗೆಯೊಂದೇ ಕಾರಣವೆಂದು ಸಾಧಿಸಲು ನಾನು ಹೊರಟಿಲ್ಲ. ಆ ಕಾಲದಲ್ಲಿ ನಡಿಗೆಯನ್ನು ಯಾರೂ ವ್ಯಾಯಾಮವೆಂದು ಕರೆಯುತ್ತಿರಲಿಲ್ಲ. ಅದು ಹೋಗಿಬರುವ ರೀತಿಯಾಗಿತ್ತು.

ಆಗ ಕಾಯಿಲೆಯ ಪ್ರಮಾಣವೇನು? 1970ರ ದಶಕದ ಮೊದಲ ಭಾಗದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ಹಲವು ಕಡೆ ಸಮೀಕ್ಷೆ ಮಾಡಿಸಿತು. ಪಟ್ಟಣಗಳಲ್ಲಿ ನೂರಕ್ಕೆ 2.1, ಹಳ್ಳಿಗಳಲ್ಲಿ ನೂರಕ್ಕೆ 1.5 ಜನರಲ್ಲಿ ಮಧುಮೇಹ ಕಂಡುಬಂತು. ಅದೇ ಮಂಡಳಿಯ ಇನ್ನೊಂದು ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ ವಯಸ್ಕರಲ್ಲಿ ನೂರಕ್ಕೆ 11.4 ಜನರಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಅಳೆಯುವ ವಿಧಾನ ಬದಲಾಗಿದೆ, ಆಯುಸ್ಸು ಹೆಚ್ಚಿದೆ. ಅವನ್ನೆಲ್ಲ ಕಳೆದರೂ ಏರಿಕೆ ಏರಿಕೆಯೇ. ಎಳೆಯ ಮಕ್ಕಳ ವಿಷಯದಲ್ಲೂ ಸೂಚನೆ ಒಳ್ಳೆಯದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರಲ್ಲಿ ನೂರಕ್ಕೆ 2.1 ಇದ್ದದ್ದು 2019-21ರಲ್ಲಿ 3.4 ಆಯಿತು. ರಾಗಿ ಹೊಲಗಳಿದ್ದ ಬೈರಸಂದ್ರದ ಮಗ್ಗುಲಲ್ಲಿ ಇಂದು ಸರ್ಕಾರದ ಮಧುಮೇಹ ಸಂಸ್ಥೆಯೇ ಇದೆ.

ಇಷ್ಟು ಕೇಳಿದವರು ಕೇಳಬಹುದು: “ದಪ್ಪಗಿರುವುದರಲ್ಲಿ ಅಮೆರಿಕದವರು ನಮ್ಮನ್ನು ಮೀರಿಸಿದವರಲ್ಲವೇ? ನಮ್ಮಲ್ಲಿ ತೆಳ್ಳಗಿರುವವರಿಗೂ ಏಕೆ ಇದು ಬರುತ್ತದೆ?” ಈ ಪ್ರಶ್ನೆಗೆ ಉತ್ತರದ ಒಂದು ಭಾಗ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳಬರು ಮಿಷನ್ ಆಸ್ಪತ್ರೆ ಎಂದೇ ಬಲ್ಲರು. ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು 1934ರಿಂದಲೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದನ್ನು ಬರೆದ ದಾದಿಯರು ಮುಂದೆ ಇದರಿಂದ ಏನು ತಿಳಿಯಬಹುದೆಂದು ಕನಸಿನಲ್ಲೂ ಎಣಿಸಿರಲಾರರು. 1990ರ ದಶಕದಲ್ಲಿ ಡಾ. ಕ್ಯಾರೊಲಿನ್ ಫಾಲ್ ಮತ್ತು ಅವರ ಸಂಗಡಿಗರು ಆ ಪುಸ್ತಕಗಳನ್ನು ತೆರೆದು, ಅಂದಿನ ಕೂಸುಗಳನ್ನು ನಡುವಯಸ್ಸಿನ ಗಂಡಸರು ಹೆಂಗಸರಾಗಿ ಹುಡುಕಿ ಹಿಡಿದರು. 506 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಉದ್ದ ಕಡಿಮೆಯಾಗಿದ್ದು ಅದಕ್ಕೆ ತಕ್ಕದ್ದಕ್ಕಿಂತ ದುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಾಗಿತ್ತು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಮೊದಲೇ ಗುರುತಿಸಿ, ಅವರ ಮಕ್ಕಳನ್ನು ವರ್ಷ ವರ್ಷವೂ ಅಳೆಯುವ ಕೆಲಸ ಆರಂಭವಾಯಿತು. ಬಸುರಿನಲ್ಲಿ ಸಕ್ಕರೆ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ, ಹತ್ತು ವರ್ಷ ಸಮೀಪಿಸುವ ಹೊತ್ತಿಗೆ, ಮೈಕೊಬ್ಬೂ ಇನ್ಸುಲಿನ್ನಿಗೆ ದೇಹ ಮಣಿಯದಿರುವ ಗುಣವೂ ಹೆಚ್ಚಾಗಿ ಕಂಡವು. ಪುಣೆಯ ಡಾ. ಯಾಜ್ಞಿಕರು 2004ರಲ್ಲಿ ಒಂದು ಚಿತ್ರದ ಮೂಲಕ ಇದನ್ನು ಜಗತ್ತಿಗೆ ತೋರಿಸಿದರು. ಚಿತ್ರದಲ್ಲಿ ಅವರೂ ಇಂಗ್ಲೆಂಡಿನ ಗೆಳೆಯರೊಬ್ಬರೂ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರಿಗೂ ಒಂದೇ, 22.3. ಆದರೆ ಮೈಯ ಕೊಬ್ಬು ಗೆಳೆಯರಲ್ಲಿ ನೂರಕ್ಕೆ 9.1, ನಮ್ಮವರಲ್ಲಿ 21.2. ನೋಡಲು ತೆಳುವಾದರೂ ಒಳಗೆ ಕೊಬ್ಬು ಕೂಡಿಟ್ಟಿರುವ ಮೈ ನಮ್ಮದು. ತಲೆಮಾರುಗಳ ಕಾಲ ಅರೆಹೊಟ್ಟೆ ಉಂಡ ತಾಯಂದಿರ ದೇಹವು, ಸಿಕ್ಕಿದ್ದನ್ನು ಕೂಡಿಡು ಎಂಬ ಪಾಠವನ್ನು ಗರ್ಭದಲ್ಲೇ ಮಗುವಿಗೆ ಕಲಿಸಿರಬೇಕೆಂದು ಬಲ್ಲವರು ತರ್ಕಿಸುತ್ತಾರೆ. ಬರಗಾಲಕ್ಕಾಗಿ ಕಲಿತ ಆ ಪಾಠವೇ ಸುಭಿಕ್ಷದಲ್ಲಿ ನಮಗೆ ಮುಳುವಾಗಿದೆ.

ಆದುದರಿಂದಲೇ ದುಂಡಗಿನ ಮಗುವನ್ನು ಹೊಟ್ಟೆಬಾಕನೆಂದು ಹೀಯಾಳಿಸುವುದು ಕ್ರೌರ್ಯ ಮಾತ್ರವಲ್ಲ, ಅಜ್ಞಾನವೂ ಹೌದು. ಅವನ ಮೈಯಲ್ಲಿ ಮುತ್ತಜ್ಜಿಯ ಹಸಿವು ಕೂತಿದೆ. ಅವನ ಸುತ್ತ ನಾವು ಕಟ್ಟಿದ ಊರು ಇದೆ. ಖಾಲಿ ನಿವೇಶನಗಳಲ್ಲೆಲ್ಲ ಮನೆ ಎದ್ದವು, ಅದು ನ್ಯಾಯವೇ. ಬೀದಿ ವಾಹನಗಳ ಪಾಲಾಯಿತು. ಉಳಿದ ಉದ್ಯಾನಗಳಲ್ಲಿ ಎಷ್ಟೋ ಕಡೆ ಚೆಂಡಾಟ ಆಡಬಾರದೆಂಬ ಫಲಕ. ಹೀಗೆ ಮಗುವನ್ನು ಒಳಗೆ ಕೂಡಿಸಿದ ಮೇಲೆ, ಅಳದಿರಲೆಂದು ಕೈಗೆ ಫೋನು, ಬಾಯಿಗೆ ಬಿಸ್ಕತ್ತು. ಒಂದು ಸಣ್ಣ ಬಾಟಲಿ ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ, ಅಂದರೆ ಆರೇಳು ಚಮಚ ಸಕ್ಕರೆ ಇರುತ್ತದೆ. ಅಷ್ಟು ಸಕ್ಕರೆ ಹಾಕಿ ಕಾಫಿ ಕೊಟ್ಟರೆ ಯಾವ ಅಜ್ಜಿಯಾದರೂ ಬಿಡುತ್ತಾಳೆಯೇ?

ಇದನ್ನು ತಡೆಯಬಹುದೇ? ತಡೆಯಬಹುದೆಂಬುದಕ್ಕೆ ಆಧಾರವಿದೆ. ಚೆನ್ನೈಯ ಡಾ. ರಾಮಚಂದ್ರನ್ ಮತ್ತು ಸಂಗಡಿಗರು ಕಾಯಿಲೆಯ ಹೊಸ್ತಿಲಲ್ಲಿದ್ದ ವಯಸ್ಕರನ್ನು ಆರಿಸಿ, ಊಟ ತಿದ್ದಿ, ನಡಿಗೆ ಹೇಳಿಕೊಟ್ಟು ಮೂರು ವರ್ಷ ನೋಡಿಕೊಂಡರು. ಸುಮ್ಮನೆ ಬಿಟ್ಟವರಿಗಿಂತ ಅವರಲ್ಲಿ ಕಾಯಿಲೆಯ ಸಂಭವ ನೂರಕ್ಕೆ 28.5ರಷ್ಟು ತಗ್ಗಿತೆಂದು 2006ರಲ್ಲಿ ತಿಳಿಸಿದರು. ಸರ್ಕಾರವೂ ಸುಮ್ಮನಿಲ್ಲ. ಶಾಲೆಯ ಒಳಗೂ ಗೇಟಿನಿಂದ 50 ಮೀಟರಿನೊಳಗೂ ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದೆಂದು 2020ರಲ್ಲಿ ನಿಯಮವಾಯಿತು. ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಇದೆಯೆಂದು ಬರೆದ ಫಲಕ ತೂಗುಹಾಕಬೇಕೆಂದು ಕೇಂದ್ರ ಪ್ರೌಢ ಶಿಕ್ಷಣ ಮಂಡಳಿ 2025ರಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತು. ನಿಯಮ ಗೇಟಿನವರೆಗೆ ಕಾಯಬಲ್ಲದು. ಅಲ್ಲಿಂದ ಮನೆಯವರೆಗೆ ನಾವೇ ಕಾಯಬೇಕು.

ಮನೆಯಲ್ಲಿ ಮಾಡಬೇಕಾದುದು ದೊಡ್ಡ ವ್ರತವೇನಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಟ್ಟೆಯಲ್ಲಿ ಅನ್ನ ಅರ್ಧ ಇಳಿದು ಹುಳಿ, ಪಲ್ಯ, ಕೋಸಂಬರಿ ಏರಲಿ. ರಾಗಿ ಒಳ್ಳೆಯದೇ, ಆದರೆ ಮುದ್ದೆಯೂ ಪಿಷ್ಟವೇ ಎಂಬುದನ್ನು ಮರೆಯಬಾರದು. ಅದನ್ನು ಉಂಡ ರೈತನನ್ನು ಕಾಪಾಡಿದ್ದು ರಾಗಿಯೊಂದೇ ಅಲ್ಲ, ಉಂಡ ಮೇಲಿನ ದುಡಿಮೆ. ಬೆಲ್ಲ, ಜೇನು ಎಂದು ಹೆಸರು ಬದಲಿಸಿದರೆ ಸಕ್ಕರೆ ಮೋಸಹೋಗುವುದಿಲ್ಲ. ಹಣ್ಣನ್ನು ಹಿಂಡದೆ ಕಚ್ಚಿ ತಿನ್ನಲಿ. ಹೊತ್ತಿಗೆ ಸರಿಯಾಗಿ ನಿದ್ರೆ. ಹಬ್ಬದ ಹೋಳಿಗೆಯನ್ನು ಕಿತ್ತುಕೊಳ್ಳುವುದು ಬೇಡ. ದಿನವೂ ಹಬ್ಬ ಮಾಡುವುದೂ ಬೇಡ. ಬಸುರಿಯರಿಗೆ ಸಕ್ಕರೆಯ ಪರೀಕ್ಷೆ ತಪ್ಪಿಸಬಾರದು, ಏಕೆಂದರೆ ಮಗುವಿನ ಚರಿತ್ರೆ ಅಲ್ಲಿಂದಲೇ ಆರಂಭವಾಗುತ್ತದೆಂದು ಮೈಸೂರಿನ ಆ ಹಳೆಯ ಪುಸ್ತಕಗಳು ಕಲಿಸಿವೆ. ಇವೆಲ್ಲವನ್ನೂ ಮನೆಮಂದಿಯೆಲ್ಲ ಮಾಡಬೇಕು. ಅಪ್ಪ ಸೋಫಾದ ಮೇಲೆ ಕುಳಿತು ಚಿಪ್ಸ್ ತಿನ್ನುತ್ತ ಮಗನಿಗೆ ಓಡೆಂದರೆ ಅವನು ಓಡುವುದಿಲ್ಲ.

ನಮ್ಮ ಬೀದಿಯ ಹುಡುಗನ ಕಥೆ ಮುಗಿದಿಲ್ಲ. ಆ ಮನೆಯವರು ಸಂಜೆಯ ಒಂದು ಪಾಠವನ್ನು ಬಿಡಿಸಿದ್ದಾರೆ. ಬೀದಿಯ ತುದಿಯಲ್ಲಿ ನಾಲ್ಕು ಮಕ್ಕಳು ಸೇರಿ ಶಟಲ್ ಆಡುತ್ತಾರೆ. ಕಾರು ಬಂದಾಗ ನಿಲ್ಲುತ್ತಾರೆ, ಹೋದಾಗ ಮತ್ತೆ ಆಡುತ್ತಾರೆ. ಭಾನುವಾರ ಬೆಳಿಗ್ಗೆ ಅಜ್ಜಿ, ಮೊಮ್ಮಗ ಇಬ್ಬರೂ ಲಾಲ್‌ಬಾಗಿನವರೆಗೆ ನಡೆದುಹೋಗಿ, ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿ ಬರುತ್ತಾರೆ. ಸುಶ್ರುತನ ನೂರು ಯೋಜನಕ್ಕೆ ಇದು ಸಮವಲ್ಲ. ಆದರೆ ವಾರ ವಾರವೂ ಕೂಡಿಸುತ್ತ ಹೋದರೆ ಒಂದು ದಿನ ಆದೀತು. ಕತ್ತಿನ ಕಪ್ಪು ಇನ್ನೂ ಪೂರ್ತಿ ಹೋಗಿಲ್ಲ. ಅಜ್ಜಿ ಈಗ ಅದನ್ನು ಉಜ್ಜುವುದಿಲ್ಲ. ಅವನ ಜೊತೆ ನಡೆಯುತ್ತಾರೆ.